ಮೀನಿನ ಕೊಳಕ್ಕೆ ಮಣಿದ ರೇಸ್ ಟ್ರ್ಯಾಕ್

ಮೊಟ್ಟೆಯಾಕಾರದ ರಸ್ತೆಯಲ್ಲಿ ಅಪ್ರದಕ್ಷಿಣೆ ಸುತ್ತುವ ಕಾರುಗಳನ್ನು ಟಿ.ವಿ.ಯಲ್ಲಿ ಎರಡು ನಿಮಿಷ ನೋಡಿ ಚಾನೆಲ್ ಬದಲಿಸುವವರೇ ಹೆಚ್ಚು. ಸ್ಟಿಯರಿಂಗನ್ನು ಎಡಕ್ಕೇ ತಿರುಗಿಸುತ್ತಾ ಕೂರುವುದರಲ್ಲಿ ಏನು ಮಹಾ ಎನ್ನಿಸುವುದು ಸಹಜ. ಹಾಗನ್ನಿಸಿದವರಿಗೆ ತೋರಿಸಬೇಕಾದ ಜಾಗ ಅಮೆರಿಕದ ದಕ್ಷಿಣ ಕೆರೊಲಿನಾದ ಡಾರ್ಲಿಂಗ್ಟನ್.

ಇದು ಹತ್ತಿ, ಕಡಲೆಕಾಯಿ ಬೆಳೆಯುವ ಸೀಮೆಯ ಸಣ್ಣ ಊರು. ಇಲ್ಲಿನ ಹೆರಾಲ್ಡ್ ಬ್ರಾಸಿಂಗ್ಟನ್ 1933ರಲ್ಲಿ ಇಂಡಿಯಾನಾಪೊಲಿಸ್‌ಗೆ ಹೋಗಿ ಅಲ್ಲಿನ 500 ಮೈಲಿಯ ರೇಸ್ ನೋಡಿ ಬಂದ. ಅಂಥದ್ದೊಂದು ನಮ್ಮೂರಲ್ಲೂ ಆಗಬೇಕೆಂಬ ಹುಚ್ಚು ಹತ್ತಿತು. 1949ರಲ್ಲಿ ಶೆರ್ಮನ್ ರಾಮ್ಸೆ ಎಂಬುವನಿಂದ 70 ಎಕರೆ ಹೊಲ ಪಡೆದು ಮಣ್ಣು ಅಗೆಯಲು ತೊಡಗಿದ. ಊರಿನವರು ನಕ್ಕರು. ರಾಮ್ಸೆ ನಗಲಿಲ್ಲ, ಆದರೆ ಒಂದು ಷರತ್ತು ಹಾಕಿದ: ಜಮೀನಿನ ಪಡುವಣ ಅಂಚಿನಲ್ಲಿ ತನ್ನ ಸಣ್ಣ ಮೀನಿನ ಕೊಳವಿದೆ, ಅದನ್ನು ಮುಟ್ಟಕೂಡದು. ಮಾತು ಕೊಟ್ಟಾಗಿತ್ತು. ಹಾಗಾಗಿ ಒಂದು ತುದಿಯ ತಿರುವನ್ನು ಬಿಗಿಯಾಗಿ ಒಳಕ್ಕೆಳೆದು ಕಟ್ಟಬೇಕಾಯಿತು. ಇನ್ನೊಂದು ತುದಿ ಅಗಲವಾಗಿ, ಸಾವಕಾಶವಾಗಿ ಬಳಸಿಕೊಂಡು ಹೋಯಿತು. ಪ್ರಪಂಚದ ಅತಿ ಕಷ್ಟದ ಓವಲ್‌ಗಳಲ್ಲಿ (ಮೊಟ್ಟೆಯಾಕಾರದ ಟ್ರ್ಯಾಕುಗಳಲ್ಲಿ) ಒಂದು ಎಂಬ ಹೆಸರು ಈ ಟ್ರ್ಯಾಕಿಗೆ ಬಂದಿರುವುದು ಆ ಕೊಳದ ದೆಸೆಯಿಂದ.

ಇಲ್ಲಿನ ರೇಸುಗಳನ್ನು ನಡೆಸುವ ನ್ಯಾಸ್ಕಾರ್ ಸಂಸ್ಥೆ ಹುಟ್ಟಿದ್ದು 1948ರಲ್ಲಿ. ಶೋರೂಮಿನಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಕಾರನ್ನೇ ಓಡಿಸಬೇಕು ಎನ್ನುವುದು ‘ಸ್ಟಾಕ್ ಕಾರ್’ ರೇಸಿನ ಮೂಲ ಕರಾರು. ಆಗಿನ ಸ್ಪರ್ಧೆಗಳು ಹೆಚ್ಚಾಗಿ ಮಣ್ಣಿನ ಗಿಡ್ಡ ಟ್ರ್ಯಾಕುಗಳಲ್ಲಿ ನಡೆಯುತ್ತಿದ್ದವು. ಚಾಲಕರಲ್ಲಿ ಹಲವರು ಬೆಟ್ಟದ ದಾರಿಗಳಲ್ಲಿ ರಾತ್ರಿ ಹೊತ್ತು ಕಳ್ಳಭಟ್ಟಿ ಸಾಗಿಸಿ, ಪೊಲೀಸರ ಕೈಗೆ ಸಿಗದಂತೆ ಓಡಿಸಿ ಪಳಗಿದವರು. (ಅವರಲ್ಲೊಬ್ಬನಾದ ಜೂನಿಯರ್ ಜಾನ್ಸನ್‌ಗೆ ಹಳೆಯ ಭಟ್ಟಿ ಕೇಸಿನಲ್ಲಿ ಅಧ್ಯಕ್ಷ ರೇಗನ್ 1986ರಲ್ಲಿ ಕ್ಷಮಾದಾನ ಕೊಟ್ಟರು.) ಇಂಥವರ ಮುಂದೆ ಬ್ರಾಸಿಂಗ್ಟನ್ ಡಾಂಬರಿನ ದೊಡ್ಡ ಟ್ರ್ಯಾಕನ್ನಿಟ್ಟು, 500 ಮೈಲಿ ಓಡಿಸಿ ಎಂದ. ನಮ್ಮ ಲೆಕ್ಕದಲ್ಲಿ ಸುಮಾರು 800 ಕಿಲೋಮೀಟರು.

1950ರ ಸೆಪ್ಟೆಂಬರ್ 4ರಂದು ಮೊದಲ ‘ಸದರ್ನ್ 500’ ನಡೆಯಿತು. 75 ಕಾರುಗಳು ಹೊರಟವು. ಗೆದ್ದದ್ದು 43ನೇ ಸ್ಥಾನದಿಂದ ಹೊರಟ ಜಾನಿ ಮ್ಯಾಂಟ್ಜ್‌ನ ಪುಟ್ಟ ಪ್ಲಿಮತ್ ಕಾರು. ಉಳಿದವರ ಕಾರುಗಳಿಗೆ ಬಲ ಜಾಸ್ತಿ ಇತ್ತು, ಹೊಸ ಡಾಂಬರಿನ ಮೇಲೆ ಅವು ಟೈರುಗಳನ್ನು ಒಂದರ ಹಿಂದೊಂದರಂತೆ ತಿಂದು ಹಾಕಿದವು. ಪ್ರೇಕ್ಷಕರ ಕಾರುಗಳಿಂದಲೇ ಟೈರು ಬಿಚ್ಚಿ ತಂದರೆಂಬ ಕತೆಯೂ ಇದೆ. ಇಂಡಿಯಾನಾಪೊಲಿಸ್‌ನಲ್ಲಿ ಓಡಿಸಿದ ಅನುಭವವಿದ್ದ ಮ್ಯಾಂಟ್ಜ್ ಗಡುಸಾದ ಲಾರಿ ಟೈರು ಹಾಕಿಸಿಕೊಂಡಿದ್ದ. ಆರು ಗಂಟೆಗೂ ಮೀರಿದ ಆ ಓಟದಲ್ಲಿ ಅವನ ಸರಾಸರಿ ವೇಗ ಗಂಟೆಗೆ ಸುಮಾರು 120 ಕಿ.ಮೀ. ಮಾತ್ರ. ನಿಧಾನಿಗೆ ಜಯ ಸಿಕ್ಕಿತ್ತು.

ಡಾರ್ಲಿಂಗ್ಟನ್‌ನ ಪಾಠ ಇಂದಿಗೂ ಟೈರಿನದೇ. ಡಾಂಬರಿನಲ್ಲಿ ಸೇರಿಕೊಂಡ ಮರಳು ಮರಳುಕಾಗದದಂತೆ ರಬ್ಬರನ್ನು ಉಜ್ಜುತ್ತದೆ. ಹೊಸ ಟೈರಿನ ಕಾರು ಸರಾಗವಾಗಿ ಹೋಗುತ್ತದೆ. ಮೂವತ್ತು ಸುತ್ತು ಕಳೆಯುವಷ್ಟರಲ್ಲಿ ಹಿಡಿತ ತಪ್ಪಿ, ಅದೇ ಕಾರು ಪ್ರತಿ ಸುತ್ತಿಗೂ ಸೆಕೆಂಡುಗಟ್ಟಲೆ ಹಿಂದೆ ಬೀಳುತ್ತದೆ. ಜೊತೆಗೆ ಎರಡು ತುದಿಗಳ ತಕರಾರು. ಬಿಗಿ ತಿರುವಿಗೆ ಒಗ್ಗುವಂತೆ ಮೆಕ್ಯಾನಿಕ್ ಕಾರನ್ನು ಹದ ಮಾಡಿದರೆ, ಅಗಲದ ತಿರುವಿನಲ್ಲಿ ಹಿಂಭಾಗ ಜಾರುತ್ತದೆ. ಅಲ್ಲಿಗೆ ಸರಿಮಾಡಿದರೆ ಇಲ್ಲಿ ಮೂತಿ ತಿರುಗುವುದಿಲ್ಲ. ಯಾವುದಾದರೊಂದು ತುದಿಯಲ್ಲಿ ಸಂಕಟ ಅನುಭವಿಸುವುದೆಂದು ಮೊದಲೇ ಒಪ್ಪಿಕೊಂಡು ಹೊರಡಬೇಕು.

ಇಷ್ಟು ಸಾಲದೆಂಬಂತೆ, ಇಲ್ಲಿ ವೇಗದ ದಾರಿ ಇರುವುದು ಮೇಲ್ಗಡೆ, ಹೊರಗೋಡೆಯ ಪಕ್ಕದಲ್ಲೇ. ಬೆರಳೆಣಿಕೆಯ ಇಂಚುಗಳ ಅಂತರದಲ್ಲಿ ಹೋಗುವಾಗ ಚೂರು ಲೆಕ್ಕ ತಪ್ಪಿದರೂ ಕಾರಿನ ಬಲಮಗ್ಗುಲು ಗೋಡೆಗೆ ಸವರಿ ಬಣ್ಣ ಕಿತ್ತು ಬರುತ್ತದೆ. ಇದಕ್ಕೆ ‘ಡಾರ್ಲಿಂಗ್ಟನ್ ಪಟ್ಟೆ’ ಎನ್ನುತ್ತಾರೆ. ಪಟ್ಟೆ ಬಿದ್ದ ಮೇಲೂ ಗೆದ್ದವರಿದ್ದಾರೆ, ಅದೇನು ನಾಚಿಕೆಯ ವಿಷಯವಲ್ಲ.

ಈಗಿನ ‘ಸ್ಟಾಕ್ ಕಾರ್’ಗೂ ಶೋರೂಮಿನ ಕಾರಿಗೂ ಹೆಸರಿನ ನಂಟಷ್ಟೇ ಉಳಿದಿದೆ. ಬಾಗಿಲು ತೆರೆಯುವುದಿಲ್ಲ, ಕಿಟಕಿಯಿಂದ ತೂರಿ ಒಳಗೆ ಕೂರಬೇಕು. ಹೆಡ್‌ಲೈಟ್ ಇದ್ದ ಕಡೆ ಇರುವುದು ಸ್ಟಿಕ್ಕರ್. ಸ್ಪೀಡೋಮೀಟರ್ ಕೂಡ ಇಲ್ಲ. ಟೈರು, ಇಂಧನಕ್ಕಾಗಿ ಕಾರು ನಿಲ್ಲಿಸುವ, ವೇಗದ ಮಿತಿ ಇರುವ ಪಿಟ್ ರಸ್ತೆಯಲ್ಲಿ ಎಂಜಿನ್ ಸುತ್ತುವ ಲೆಕ್ಕ ನೋಡಿಕೊಂಡೇ ಅಂದಾಜು ಮಾಡಬೇಕು, ಮೀರಿದರೆ ದಂಡ. ಕಾರು ನಿಂತೊಡನೆ ಐವರು ಗೋಡೆ ಹಾರಿ ಬರುತ್ತಾರೆ: ಜಾಕ್ ಹಿಡಿದವನೊಬ್ಬ, ನಟ್ಟು ಬಿಚ್ಚುವವರಿಬ್ಬರು, ಟೈರು ಹೊರುವವನೊಬ್ಬ, 40 ಲೀಟರು ಇಂಧನ ಹಿಡಿಯುವ ಡಬ್ಬ ಹೆಗಲಿಗೇರಿಸಿದವನೊಬ್ಬ. ನಾಲ್ಕೂ ಟೈರು ಬದಲಾಗಲು ಹತ್ತು ಸೆಕೆಂಡು ಆಸುಪಾಸು. 2022ರಿಂದ ಚಕ್ರಕ್ಕೆ ನಡುವೆ ಒಂದೇ ನಟ್ಟು. ಅದಕ್ಕೂ ಮೊದಲು ಐದಿದ್ದವು, ಹುಡುಕುತ್ತಾ ಕೂರಬಾರದೆಂದು ಅವನ್ನು ಚಕ್ರಕ್ಕೆ ಗೋಂದು ಹಾಕಿ ಅಂಟಿಸಿಟ್ಟಿರುತ್ತಿದ್ದರು. ಆ ಐದು ನಟ್ಟಿನ ಕಾಲದ ಕೈಚಳಕ ನೋಡಲು ಹೆಚ್ಚು ಸೊಗಸಾಗಿತ್ತು ಎಂಬುದು ನನ್ನ ಅಭಿಪ್ರಾಯ.

ಇಲ್ಲಿ ಅತಿ ಹೆಚ್ಚು ಗೆದ್ದವನು ಇದೇ ರಾಜ್ಯದ ಡೇವಿಡ್ ಪಿಯರ್ಸನ್, ಹತ್ತು ಸಲ. ಅವಸರಪಡದೆ ಕಾರು ಕಾಯ್ದುಕೊಂಡು, ಕೊನೆಗೆ ಮುಂದೆ ಬರುವುದು ಅವನ ರೀತಿ. 1965ರಲ್ಲಿ ನೆಡ್ ಜ್ಯಾರೆಟ್ ಎರಡನೆಯವನಿಗಿಂತ 14 ಸುತ್ತು, ಅಂದರೆ 30 ಕಿಲೋಮೀಟರಿನಷ್ಟು ಮುಂದಿದ್ದು ಗೆದ್ದ. ದೂರದ ಲೆಕ್ಕದಲ್ಲಿ ನ್ಯಾಸ್ಕಾರ್‌ನ ಅತಿ ದೊಡ್ಡ ಅಂತರದ ಗೆಲುವು ಅದು. ಅದೇ ಟ್ರ್ಯಾಕಿನಲ್ಲಿ 2003ರ ಮಾರ್ಚ್‌ನ ಇನ್ನೊಂದು ರೇಸಿನಲ್ಲಿ ರಿಕಿ ಕ್ರೇವನ್ ಮತ್ತು ಕರ್ಟ್ ಬುಷ್ ಕೊನೆಯ ಸುತ್ತಿನಲ್ಲಿ ಮೈಗೆ ಮೈ ತಿಕ್ಕಿಕೊಂಡೇ ಗೆರೆ ದಾಟಿದರು. ಪವರ್ ಸ್ಟಿಯರಿಂಗ್ ಕೆಟ್ಟ ಕಾರಿನಲ್ಲಿ ಹೋರಾಡುತ್ತಿದ್ದ ಬುಷ್ ಸೋತದ್ದು ಸೆಕೆಂಡಿನ ಸಾವಿರದಲ್ಲಿ ಎರಡು ಪಾಲಿನಿಂದ. ಆ ದಾಖಲೆಯನ್ನು ಮುರಿಯಲು 2024ರ ಕ್ಯಾನ್ಸಸ್ ರೇಸ್ ಬರಬೇಕಾಯಿತು.

ಸದರ್ನ್ 500ರ ಹೊಗಳಿಕೆಯಲ್ಲಿ ಮರೆಮಾಚುವ ಸಂಗತಿಯೊಂದಿದೆ. ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ನಿಂತ ದಕ್ಷಿಣ ರಾಜ್ಯಗಳ ಒಕ್ಕೂಟದ ಬಾವುಟ ಇಲ್ಲಿ ದಶಕಗಳ ಕಾಲ ಅಲಂಕಾರದಂತೆ ಹಾರಿತು. ನ್ಯಾಸ್ಕಾರ್ ಅದನ್ನು ತನ್ನ ಎಲ್ಲ ಟ್ರ್ಯಾಕುಗಳಲ್ಲಿ ನಿಷೇಧಿಸಿದ್ದು 2020ರ ಜೂನ್‌ನಲ್ಲಿ. ಇಷ್ಟು ತಡವಾದದ್ದಕ್ಕೆ ಸಮರ್ಥನೆ ಇಲ್ಲ.

ದುಡ್ಡಿನ ಲೆಕ್ಕಾಚಾರದಲ್ಲಿ ಈ ಟ್ರ್ಯಾಕು ಒಮ್ಮೆ ಬಡವಾಗಿತ್ತು. ಸೆಪ್ಟೆಂಬರ್ ಮೊದಲ ಸೋಮವಾರ ಬರುವ ಕಾರ್ಮಿಕರ ದಿನದ ರಜೆಯ ಹೊತ್ತಿಗೆ ಇಲ್ಲಿ ರೇಸ್ ನಡೆಯುವುದು ವಾಡಿಕೆ. 2004ರಲ್ಲಿ ಆ ಅವಕಾಶವನ್ನು ಕ್ಯಾಲಿಫೋರ್ನಿಯಾದ ಟ್ರ್ಯಾಕಿಗೆ ಕೊಟ್ಟರು. 2015ರಲ್ಲಿ ಮರಳಿ ತಂದರು. ಕೊರೊನಾ ಬಂದ್ ಮುಗಿಸಿ 2020ರ ಮೇ 17ರಂದು ನ್ಯಾಸ್ಕಾರ್‌ನ ಮುಖ್ಯ ಸರಣಿ ಮತ್ತೆ ಶುರುವಾದದ್ದೂ ಇಲ್ಲೇ, ಖಾಲಿ ಗ್ಯಾಲರಿಗಳ ಎದುರು.

ನೋಡಬೇಕೆನ್ನುವವರಿಗೆ ಒಂದು ಮಾತು. ಕಾರ್ಮಿಕರ ದಿನದ ಹಿಂದಿನ ಭಾನುವಾರ ಸಂಜೆ ಅಲ್ಲಿ ಶುರುವಾಗುವ ರೇಸ್ ನಮಗೆ ಸೋಮವಾರದ ಬೆಳಗಿನ ಜಾವ. ಒಟ್ಟು 367 ಸುತ್ತು, ಸುಮಾರು ನಾಲ್ಕು ಗಂಟೆ. ನಿದ್ದೆಗೆಡುವ ಅಗತ್ಯವಿಲ್ಲ, ಆರು ಗಂಟೆಗೆ ಕಾಫಿ ಹಿಡಿದು ಕೂತರೆ ಕೊನೆಯ ನೂರು ಸುತ್ತು ಸಿಗುತ್ತವೆ. ಯಾರು ಮುಂದಿದ್ದಾರೆ ಎಂಬುದನ್ನು ಆಮೇಲೆ ನೋಡಿ. ಮೊದಲು ಕಾರುಗಳ ಬಲಮಗ್ಗುಲನ್ನು ಗಮನಿಸಿ.