ಗುಡ್ಡದ ಬೆಂಕಿ, ಮನೆಯೊಳಗಿನ ಹೊಗೆ

ತಪಸ್ಸುಕಾಲದಲ್ಲಿ ಮನೆ ಮನೆಗಳನ್ನು ಸಂದರ್ಶಿಸುವುದು ನಮ್ಮ ವಾಡಿಕೆ. ಕೆಲವು ವರ್ಷಗಳ ಹಿಂದೆ ಮಾರ್ಚ್ ತಿಂಗಳ ಒಂದು ಮುಂಜಾನೆ ಬೈಂದೂರು ಕಡೆಯ ಗುಡ್ಡದ ತಪ್ಪಲಿನ ಮನೆಯೊಂದಕ್ಕೆ ಹೋಗಿದ್ದೆವು. ಹಿಂದಿನ ರಾತ್ರಿ ಮೇಲಿನ ಗುಡ್ಡಕ್ಕೆ ಬೆಂಕಿ ಬಿದ್ದು, ಅಂಗಳದ ತುಂಬ ಹುಲ್ಲಿನ ಕರಿ ಉದುರಿತ್ತು. ಮನೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಒಳಗೆ ವೃದ್ಧ ತಾಯಿಯೊಬ್ಬರು ಮಂಚದ ಮೇಲೆ ಕುಳಿತು ಏದುಸಿರು ಬಿಡುತ್ತಿದ್ದರು. “ಹೊಗೆ ಬರಬಾರದೆಂದು ಎಲ್ಲ ಮುಚ್ಚಿದ್ದೇವೆ ಫಾದರ್, ಆದರೂ ಅತ್ತೆಗೆ ಕಡಿಮೆಯಾಗಲಿಲ್ಲ” ಎಂದರು ಸೊಸೆ. ಪ್ರಾರ್ಥಿಸಿ, ಸಮಾಧಾನ ಹೇಳಿ ಮರಳಿದೆವು. ಸಂಜೆ ಅವರನ್ನು ಆಸ್ಪತ್ರೆಗೆ ಸೇರಿಸಿದರೆಂದು ತಿಳಿದು ನೋಡಲು ಹೋದಾಗ ವೈದ್ಯರು ಕೇಳಿದ ಮೊದಲ ಪ್ರಶ್ನೆ, “ಮನೆಯೊಳಗೆ ಏನೇನು ಉರಿಸುತ್ತೀರಿ?”

ಆಗ ನಮ್ಮ ಕಣ್ಣು ತೆರೆಯಿತು. ಮಂಚದ ಕೆಳಗೆ ಸೊಳ್ಳೆಬತ್ತಿ ಉರಿಯುತ್ತಿತ್ತು. ಬಚ್ಚಲಿನ ಹಂಡೆಯ ಒಲೆಯನ್ನು ಪ್ಲಾಸ್ಟಿಕ್ ಚೀಲದಿಂದ ಹೊತ್ತಿಸಲಾಗಿತ್ತು. ಹೊರಗಿನ ಹೊಗೆಗೆ ಅಂಜಿ ಮುಚ್ಚಿದ ಕಿಟಕಿಗಳು ಒಳಗಿನ ಹೊಗೆಯನ್ನು ಕೂಡಿಹಾಕಿದ್ದವು. ಇವೆಲ್ಲವನ್ನೂ ಬೆಳಿಗ್ಗೆ ಕಂಡಿದ್ದೆವು, ಆದರೆ ಗ್ರಹಿಸಿರಲಿಲ್ಲ. ಆ ತಾಯಿ ಗುಣಮುಖರಾದರು. ನಮ್ಮ ಅಂದಿನ ಅಜ್ಞಾನವೇ ಈ ಬರಹಕ್ಕೆ ಪ್ರೇರಣೆ.

ಕಾಡ್ಗಿಚ್ಚು ದೂರದ ಸುದ್ದಿಯಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಪೂರ್ವಕ್ಕೆ ಪಶ್ಚಿಮ ಘಟ್ಟದ ಸಾಲು ನಿಂತಿದೆ. ಕೊಲ್ಲೂರಿನ ಸುತ್ತ ಮೂಕಾಂಬಿಕಾ ವನ್ಯಧಾಮವಿದೆ. ಜನವರಿಯಿಂದ ಮೊದಲ ಮಳೆಯವರೆಗೆ ಒಣಹುಲ್ಲಿನ ಇಳಿಜಾರು, ಹಾಡಿ ಮತ್ತು ಅಕೇಶಿಯಾ ತೋಪುಗಳು ಕಿಡಿಗಾಗಿ ಕಾದಿರುತ್ತವೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಅರಣ್ಯ ಸುಟ್ಟದ್ದನ್ನು ನಾಡೆಲ್ಲ ಕಂಡಿದೆ. 2023ರ ಜೂನ್‌ನಲ್ಲಿ ಕೆನಡಾದ ಕಾಡ್ಗಿಚ್ಚಿನ ಹೊಗೆ ನ್ಯೂಯಾರ್ಕಿನ ಆಕಾಶವನ್ನೇ ಕಿತ್ತಳೆ ಬಣ್ಣಕ್ಕೆ ತಿರುಗಿಸಿತು. ಬೆಂಕಿ ಗಡಿಯಲ್ಲಿ ನಿಂತರೂ ಹೊಗೆ ನಿಲ್ಲುವುದಿಲ್ಲ.

ಹೊಗೆಯಲ್ಲಿ ಅತ್ಯಂತ ಅಪಾಯಕಾರಿಯಾದುದು ಕಣ್ಣಿಗೆ ಬೀಳುವ ಕರಿಯಲ್ಲ, ಎರಡೂವರೆ ಮೈಕ್ರಾನಿಗಿಂತ ಸಣ್ಣದಾದ ಕಣ. ನಮ್ಮ ತಲೆಗೂದಲಿನ ದಪ್ಪ ಅದರ ಸುಮಾರು ಮೂವತ್ತು ಪಟ್ಟು. ಮೂಗು, ಗಂಟಲುಗಳು ಅದನ್ನು ತಡೆಯಲಾರವು. ಅದು ಶ್ವಾಸಕೋಶದ ಆಳಕ್ಕಿಳಿದು ರಕ್ತವನ್ನೂ ಸೇರಬಲ್ಲದು. ಶಿಶುಗಳು, ಗರ್ಭಿಣಿಯರು, ವೃದ್ಧರು, ಅಸ್ತಮಾ ಹಾಗೂ ಹೃದ್ರೋಗ ಉಳ್ಳವರು ಇದಕ್ಕೆ ಮೊದಲ ಬಲಿ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಅಕಾಲ ಮರಣಕ್ಕೀಡಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಒಂದು ಸೊಳ್ಳೆಬತ್ತಿ ಉಗುಳುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಗೆ ಸಮವೆಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಹಾಗಾದರೆ ಮಾಡಬೇಕಾದುದೇನು? ನಮ್ಮ ಅಧೀನದಲ್ಲಿರುವ ವಿಷಯಗಳ ಕುರಿತು ಮಾತ್ರ ನಾವು ಸಮಾಲೋಚಿಸುತ್ತೇವೆ ಎಂದು ಅರಿಸ್ಟಾಟಲ್ ಬೋಧಿಸಿದ್ದಾನೆ. ಗುಡ್ಡದ ಬೆಂಕಿಯನ್ನು ಒಂದು ಕುಟುಂಬ ನಂದಿಸಲಾರದು. ಮನೆಯ ಗಾಳಿ ಮಾತ್ರ ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.

ಆದರೆ “ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿರಿ” ಎಂಬ ಪರದೇಶದ ಸಲಹೆ ನಮ್ಮ ಹೆಂಚಿನ ಮನೆಗಳಿಗೆ ಹಾಗೆಯೇ ಒಗ್ಗುವುದಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಕರಾವಳಿಯ ಮನೆಗಳು ಹೆಂಚಿನ ಸಂದುಗಳಲ್ಲಿ ಉಸಿರಾಡುತ್ತ ಬಂದಿವೆ. ಇಡೀ ಮನೆಯನ್ನು ಬಿಗಿಯುವ ಬದಲು ತಾರಸಿ ಅಥವಾ ಮುಚ್ಚಿಗೆಯುಳ್ಳ ಒಂದು ಕೋಣೆಯನ್ನು ಆರಿಸಿಕೊಂಡು, ಅದರ ಬಾಗಿಲ ಸಂದಿಗೆ ಬಟ್ಟೆ ತುರುಕಿ, ರೋಗಿಗಳನ್ನೂ ಮಕ್ಕಳನ್ನೂ ಅಲ್ಲಿ ಮಲಗಿಸುವುದು ಲೇಸು. ಅನುಕೂಲವುಳ್ಳವರು ಹೆಪಾ ಶೋಧಕವಿರುವ ಗಾಳಿ ಶುದ್ಧೀಕರಣ ಯಂತ್ರವನ್ನು ಅಲ್ಲಿಡಬಹುದು. ಫ್ಯಾನ್ ಸೆಖೆ ತಗ್ಗಿಸುತ್ತದೆಯೇ ಹೊರತು ಗಾಳಿಯನ್ನು ಶುದ್ಧಗೊಳಿಸದು.

ಗಾಳಿಯ ದಿಕ್ಕನ್ನೂ ಗಮನಿಸಬೇಕು. ರಾತ್ರಿ ನೆಲದ ಗಾಳಿ ಘಟ್ಟದಿಂದ ಕಡಲಿನತ್ತ ಬೀಸುವುದರಿಂದ ಗುಡ್ಡದ ಹೊಗೆ ನಮ್ಮತ್ತ ಇಳಿದು, ತಂಪಾದ ಮುಂಜಾನೆ ನೆಲಮಟ್ಟದಲ್ಲಿ ತಂಗುತ್ತದೆ. ಹಗಲೇರಿದಂತೆ ಕಡಲ ಗಾಳಿ ಎದ್ದು ಅದನ್ನು ಚದುರಿಸುತ್ತದೆ. ಆದುದರಿಂದ ರಾತ್ರಿ ಮುಚ್ಚಿದ ಕಿಟಕಿಗಳನ್ನು ಹೊಗೆಯ ವಾಸನೆ ಅಳಿದ ಮಧ್ಯಾಹ್ನದಲ್ಲಿ ತೆರೆಯುವುದು ವಿವೇಕ.

ಮುಚ್ಚಿದ ಮನೆಯಲ್ಲಿ ಏನನ್ನೂ ಉರಿಸಬಾರದು. ಸೊಳ್ಳೆಬತ್ತಿಯ ಬದಲು ಸೊಳ್ಳೆಪರದೆ ಇರಲಿ. ಊದುಬತ್ತಿ, ಧೂಪ, ಕರಿದ ತಿಂಡಿಗಳನ್ನು ಆ ದಿನಗಳ ಮಟ್ಟಿಗೆ ತ್ಯಜಿಸೋಣ. ಒಣ ಕಸಪೊರಕೆಯ ಬದಲು ಒದ್ದೆ ಬಟ್ಟೆಯಿಂದ ನೆಲ ಒರೆಸೋಣ. ಸೌದೆ ಒಲೆ ಅನಿವಾರ್ಯವಾದವರು ಅದು ಉರಿಯುವಷ್ಟು ಹೊತ್ತೂ ಕಿಟಕಿ ಬಾಗಿಲು ತೆರೆದಿಡಲೇಬೇಕು. ಇಲ್ಲವಾದರೆ ಬಣ್ಣ, ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ಪ್ರಾಣವನ್ನೇ ತೆಗೆದೀತು. ಹೊರಗೆ ಹೋಗಬೇಕಾದವರಿಗೆ ಒದ್ದೆ ಕರವಸ್ತ್ರ ರಕ್ಷಣೆಯಲ್ಲ. ಮುಖಕ್ಕೆ ಸರಿಯಾಗಿ ಕೂರುವ ಎನ್-95 ಮಾಸ್ಕ್ ಬೇಕು. ಉಸಿರಾಟದ ತೊಂದರೆ, ಎದೆನೋವು, ತುಟಿ ನೀಲಿಯಾಗುವುದು ಕಂಡೊಡನೆ ವೈದ್ಯರನ್ನು ಕಾಣಬೇಕು. ನಮ್ಮಂತೆ ಸಮಾಧಾನದ ಮಾತಿನಲ್ಲಿ ಹೊತ್ತು ಕಳೆಯಬಾರದು.

ಕೊನೆಯದಾಗಿ, ಗುಡ್ಡಕ್ಕೆ ಬೆಂಕಿ ಎಲ್ಲಿಂದ ಬರುತ್ತದೆ? ನಮ್ಮ ಕಾಡುಗಳಲ್ಲಿ ಬಹುಪಾಲು ಬೆಂಕಿ ಮನುಷ್ಯರದೇ ಕೃತ್ಯ. ಸೇದಿ ಎಸೆದ ಬೀಡಿ, ಗೇರುತೋಪಿನಲ್ಲಿ ಹಚ್ಚಿ ಮರೆತ ತರಗೆಲೆ, ಸುಡುಮಣ್ಣಿಗೆಂದು ಹಾಕಿದ ರಾಶಿ, ಇವೇ ಗಾಳಿಗೆ ಸಿಕ್ಕಿ ಹಾಡಿಯನ್ನು ದಾಟುತ್ತವೆ. ತರಗೆಲೆಯನ್ನು ತೆಂಗಿನ ಬುಡಕ್ಕೆ ಹೊದಿಸಿದರೆ ತೇವವೂ ಉಳಿಯುತ್ತದೆ, ಗೊಬ್ಬರವೂ ಆಗುತ್ತದೆ. ಎಲ್ಲಿಯಾದರೂ ಬೆಂಕಿ ಕಂಡರೆ 112ಕ್ಕೆ ತಿಳಿಸೋಣ.

ಪೋಪ್ ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಅಡುಗೆಯ ಹೊಗೆಯಿಂದ ಬಡವರು ರೋಗಿಗಳಾಗುವುದನ್ನು ವಿಶೇಷವಾಗಿ ಸ್ಮರಿಸಿದ್ದಾರೆ. ಬೂದಿ ಬುಧವಾರದಂದು ಹಣೆಗೆ ಬೂದಿ ಧರಿಸುವ ನಾವು, ನೆರೆಮನೆಯ ವೃದ್ಧರ ಎದೆಗೆ ನಮ್ಮ ಅಂಗಳದ ಹೊಗೆ ಇಳಿಯದಂತೆ ನೋಡಿಕೊಳ್ಳುವುದೂ ಈ ಕಾಲದ ಒಂದು ವ್ರತವಾಗಲಿ. ಆ ತಾಯಿಯ ಮನೆಗೆ ಮರುವರ್ಷ ಹೋದಾಗ ಮಂಚಕ್ಕೆ ಸೊಳ್ಳೆಪರದೆ ಕಟ್ಟಿತ್ತು. ಹಂಡೆಯ ಒಲೆ ಅಂಗಳದಾಚೆಗೆ ಹೋಗಿತ್ತು. ಅವರೇ ಎದ್ದು ಬಂದು ನಮಗೆ ಬಾಗಿಲು ತೆರೆದರು.