ಆಂಡೀಸ್ ಕಾಡಿನಲ್ಲೊಂದು ತೆಲುಗು ಪದ

ಶಿವಮೊಗ್ಗದ ಓದುಗರೊಬ್ಬರ ಪತ್ರ ಬಂದಿದೆ. ದಕ್ಷಿಣ ಅಮೆರಿಕದ ಆಂಟ್‌ಪಿಟ್ಟ ಎಂಬ ಹಕ್ಕಿ ನಮ್ಮ ನವರಂಗದ ದಾಯಾದಿಯೇ, ಅದು ಇರುವೆ ತಿಂದೇ ಬದುಕುತ್ತದೆಯೇ ಎಂದು ಕೇಳಿದ್ದಾರೆ.

ಹತ್ತಿರದ ದಾಯಾದಿಯಲ್ಲ, ಇರುವೆ ಅದರ ಮುಖ್ಯ ಊಟವೂ ಅಲ್ಲ. ಹೆಸರಿನ ಎರಡು ತುಂಡೂ ದಾರಿ ತಪ್ಪಿಸುವಂಥವೇ. ಆದರೂ ಈ ಹೆಸರೆಂದರೆ ನನಗೆ ಅಚ್ಚುಮೆಚ್ಚು. ‘ಪಿಟ್ಟ’ ಅಪ್ಪಟ ತೆಲುಗು, ಪುಟ್ಟ ಹಕ್ಕಿ ಎಂದಷ್ಟೇ ಅರ್ಥ. ಕೋಲಾರದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮದ್ರಾಸಿನ ಕೋಟೆಯಲ್ಲಿದ್ದ ಇಂಗ್ಲಿಷ್ ವೈದ್ಯನೊಬ್ಬ ಇಲ್ಲಿನ ಹಕ್ಕಿಗಳ ಚಿತ್ರಗಳನ್ನು ಊರಿನ ಹೆಸರುಗಳ ಸಮೇತ ಲಂಡನ್ನಿಗೆ ಕಳಿಸಿದ್ದ. 1713ರಲ್ಲಿ ಇಂಗ್ಲಿಷ್ ನಿಸರ್ಗತಜ್ಞ ಜಾನ್ ರೇ ಪುಸ್ತಕದಲ್ಲಿ ಅವು ಅಚ್ಚಾದವು. 1816ರಲ್ಲಿ ಫ್ರಾನ್ಸಿನ ಪಕ್ಷಿತಜ್ಞ ವಿಯೆಯೊ ‘ಪಿಟ್ಟ’ವನ್ನು ನಮ್ಮ ನವರಂಗದ ಕುಲದ ಹೆಸರಾಗಿಸಿದ. ಅದೇ ವರ್ಷ ದಕ್ಷಿಣ ಅಮೆರಿಕದ ಈ ಹಕ್ಕಿಗಳಿಗೆ ‘ಗ್ರಲ್ಲಾರಿಯ’ ಎಂದವನೂ ಅವನೇ. ಮರಗಾಲು ಕಟ್ಟಿಕೊಂಡು ನಡೆಯುವವ ಎಂದು ಅರ್ಥ. ಮೋಟು ಬಾಲ, ಉದ್ದ ಕಾಲು, ನೆಲದ ಮೇಲೆ ಕುಪ್ಪಳಿಸುವ ನಡಿಗೆ. ಪಿಟ್ಟಗಳ ಹೋಲಿಕೆ ಕಂಡ ಇಂಗ್ಲಿಷರು ಮುಂದೆ ಆ ತೆಲುಗು ಪದವನ್ನೇ ಇದಕ್ಕೂ ತಗಲಿಸಿದರು. ಹೀಗೆ ಈಕ್ವೆಡಾರಿನ ಮಂಜಿನ ಕಾಡಲ್ಲಿ ಇವತ್ತು ಗುಂಟೂರಿನ ಮಾತು ಕುಪ್ಪಳಿಸುತ್ತಿದೆ!

ಪಾಚಿ, ಬಿದಿರು, ಮೂರು ಹೊತ್ತೂ ಮಂಜು. ಹಕ್ಕಿ ನಾಲ್ಕು ಮಾರು ದೂರದಲ್ಲೇ ಕೂಗುತ್ತಿದ್ದರೂ ಕಣ್ಣಿಗೆ ಬೀಳುವುದಿಲ್ಲ. (ಕಾಣದೆ ಕೂಗುವ ಹಕ್ಕಿಯನ್ನೆಲ್ಲ ಶಕುನಕ್ಕೆ ಗಂಟು ಹಾಕುವ ನಮ್ಮ ಚಟಕ್ಕೆ ಅಲ್ಲಿ ಒಳ್ಳೆಯ ಮೇವು ಸಿಗುತ್ತಿತ್ತು.) ಹಾಗಾಗಿ ಇವುಗಳನ್ನು ಬಲ್ಲವರು ಕಿವಿಯಿಂದಲೇ ಬಲ್ಲರು. ಇಟ್ಟಿಗೆ ಬಣ್ಣದ ಒಂದು ಪುಟ್ಟ ಆಂಟ್‌ಪಿಟ್ಟ ಮತ್ತು ಅದರ ಸಮೀಪದ ಬಂಧುಗಳ ದನಿ, ಡಿಎನ್‌ಎ, ಬಣ್ಣಗಳನ್ನು ಹೋಲಿಸಿ ನೋಡಿದ ವಿಜ್ಞಾನಿಗಳು 2020ರಲ್ಲಿ ಅಲ್ಲಿರುವುದು 16 ಪ್ರಭೇದಗಳು ಎಂದು ತೀರ್ಮಾನಿಸಿದರು. 1997ರಲ್ಲಿ ಪಕ್ಷಿತಜ್ಞ ರಾಬರ್ಟ್ ರಿಜ್ಲಿ ತಂಡಕ್ಕೆ ಈಕ್ವೆಡಾರಿನ ದಕ್ಷಿಣ ತುದಿಯಲ್ಲಿ ಅದುವರೆಗೆ ಯಾವ ಪುಸ್ತಕದಲ್ಲೂ ಇಲ್ಲದ ಆಂಟ್‌ಪಿಟ್ಟ ಸಿಕ್ಕಿದ್ದೂ ಕೂಗಿನ ಜಾಡು ಹಿಡಿದೇ. ಹಳ್ಳಿಗರು ಅದರ ಕೂಗನ್ನೇ ಹೆಸರಾಗಿಸಿ ‘ಹೊಕೊಟೊಕೊ’ ಎನ್ನುತ್ತಾರೆ. ಇದಲ್ಲವೇ ಹೆಸರು!

ಇಷ್ಟು ನಾಚುವ ಹಕ್ಕಿಯನ್ನು ಬಯಲಿಗೆ ತಂದವರು ಈಕ್ವೆಡಾರಿನ ಮಿಂಡೊ ಬಳಿಯ ರೈತ ಏಂಜೆಲ್ ಪಾಜ್. ತಮ್ಮ ಕಾಡಿನ ಹಾದಿಯಲ್ಲಿ ಎರೆಹುಳು ಹೆಕ್ಕುತ್ತಿದ್ದ ದೈತ್ಯ ಆಂಟ್‌ಪಿಟ್ಟವೊಂದಕ್ಕೆ ದಿನವೂ ಹುಳು ಎಸೆದು, ‘ಮರಿಯಾ’ ಎಂದು ಹೆಸರಿಟ್ಟು ಕರೆದರು. ಅದು ಬರತೊಡಗಿತು. ಎಲ್ಲೆಲ್ಲಿಂದಲೋ ಜನ ವಿಮಾನ ಹತ್ತಿ ಬಂದು ಒಂದು ಹಕ್ಕಿ ಎರೆಹುಳು ನುಂಗುವುದನ್ನು ನೋಡಿ ಕಣ್ಣೊರೆಸಿಕೊಂಡರು. ಪಾಜ್ ಅವರ ಕಾಡಿಗೆ ಕೊಡಲಿ ಬೀಳದಿರಲು ಆ ಎರೆಹುಳುಗಳ ಋಣವೂ ಇದೆ.

ಶಿವಮೊಗ್ಗದವರಿಗೆ ಅಷ್ಟು ದೂರದ ಟಿಕೆಟ್ ಬೇಕಿಲ್ಲ. ಅಕ್ಟೋಬರ್ ಹೊತ್ತಿಗೆ ನವರಂಗ ಬಂದಿರುತ್ತದೆ. ಮುಂಜಾನೆ, ಮುಸ್ಸಂಜೆ ಎರಡೇ ಸ್ವರದಲ್ಲಿ ಸಿಳ್ಳೆ ಹಾಕುತ್ತದೆ. ನಮ್ಮ ಹಿತ್ತಲಿಗೆ ಬಂದದ್ದು ಹಲಸಿನ ತರಗೆಲೆ ತಿರುವಿ ಹಾಕುತ್ತಾ ಮೂರು ದಿನ ಉಳಿದಿತ್ತು. ನಾಲ್ಕನೆಯ ದಿನ ಎಲೆ ಗುಡಿಸಿ ಬೆಂಕಿ ಕೊಟ್ಟೆವು, ಮತ್ತೆ ಕಾಣಲಿಲ್ಲ. ನಿಮ್ಮ ಹಿತ್ತಲ ತರಗೆಲೆಯನ್ನು ಮಾರ್ಚ್‌ವರೆಗಾದರೂ ಗುಡಿಸಬೇಡಿ.