ಬಂಡೆಗೆ ಅಂಟದ ದೋಣಿ

ತುಂಗಭದ್ರೆಯ ದಡದಲ್ಲಿ ಹುಟ್ಟಿ, ಹರಿಗೋಲಿನಲ್ಲಿ ಹೊಳೆ ದಾಟಿ ಶಾಲೆಗೆ ಹೋದವನು ನಾನು. ದೋಣಿಯ ವಿಷಯದಲ್ಲಿ ನನಗೆ ಹೊಸದಾಗಿ ತಿಳಿಯಬೇಕಾದುದೇನೂ ಇಲ್ಲವೆಂಬ ಸಣ್ಣದೊಂದು ಜಂಬ ಬಹುಕಾಲ ನನ್ನಲ್ಲಿತ್ತು. ಅಮೆರಿಕದ ಆರೆಗಾನ್ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಅಲ್ಲಿನ ಮೆಕೆಂಜಿ ನದಿಯು ಒಂದೇ ಬೆಳಗಿನಲ್ಲಿ ಆ ಜಂಬವನ್ನು ಇಳಿಸಿತು.

ಮೆಕೆಂಜಿ ದೊಡ್ಡ ನದಿಯೇನಲ್ಲ. ಕ್ಯಾಸ್ಕೇಡ್ ಪರ್ವತಗಳಲ್ಲಿ ಹುಟ್ಟಿ, ಸುಮಾರು 145 ಕಿಲೋಮೀಟರು ಹರಿದು ವಿಲಾಮೆಟ್ ನದಿಯನ್ನು ಸೇರುತ್ತದೆ. ಆದರೆ ನೀರು ಕೊರೆಯುವಷ್ಟು ತಣ್ಣಗೆ, ಓಟ ಬಿರುಸು, ಒಡಲ ತುಂಬ ಬಂಡೆ. ಟ್ರೌಟ್ ಎಂಬ ಮೀನು ಆ ಬಂಡೆಗಳ ಮರೆಯ ನಿಧಾನದ ನೀರಿನಲ್ಲಿ ನಿಲ್ಲುತ್ತದೆ. ಅಲ್ಲಿಗೆ ಗಾಳ ಎಸೆಯಬೇಕಾದರೆ ದೋಣಿಯು ಹೊಳೆಯೊಡನೆ ಸಾಗಬೇಕು. ಆದರೆ ಹೊಳೆಯಷ್ಟು ವೇಗವಾಗಿ ಸಾಗಬಾರದು. ಈ ಅಗತ್ಯದಿಂದ ರೂಪುಗೊಂಡದ್ದು ಅಲ್ಲಿನವರು ಡ್ರಿಫ್ಟ್ ಬೋಟ್ ಎನ್ನುವ ದೋಣಿ. ನಾವು ತೇಲುದೋಣಿ ಎನ್ನೋಣ.

ಇದರ ಉದ್ದ ಸಾಮಾನ್ಯವಾಗಿ 16 ಅಡಿ. ತಳ ಚಪ್ಪಟೆ, ಆದರೆ ಎರಡು ತುದಿಗಳೂ ಬಾಳೆಹಣ್ಣಿನಂತೆ ಮೇಲಕ್ಕೆ ಬಾಗಿರುತ್ತವೆ. ನಡುಭಾಗ ಮಾತ್ರ ನೀರಿಗೆ ತಾಗುವುದರಿಂದ ಕೆಲವೇ ಅಂಗುಲ ಆಳದ ನೀರಿನಲ್ಲಿಯೂ ಅದು ತೇಲುತ್ತದೆ. ಹುಟ್ಟಿನ ಒಂದು ಎಳೆತಕ್ಕೆ ಮುಖ ತಿರುಗಿಸುತ್ತದೆ. ಸಾಧಾರಣ ದೋಣಿಯಲ್ಲಿ ಹುಟ್ಟು ಹಾಕುವವನು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕುಳಿತಿರುತ್ತಾನೆ. ಇಲ್ಲಿ ಅಂಬಿಗನು ಮುಂದೆ ಬರುವ ಬಂಡೆಯನ್ನೇ ನೋಡುತ್ತ, ಪ್ರವಾಹಕ್ಕೆ ಎದುರಾಗಿ ಹುಟ್ಟುಗಳನ್ನು ಜಗ್ಗುತ್ತಾನೆ. ಅವನ ಶ್ರಮವೆಲ್ಲ ದೋಣಿಯನ್ನು ತಡೆಯುವುದಕ್ಕೇ ಹೊರತು ಓಡಿಸುವುದಕ್ಕಲ್ಲ. ಓಡಿಸುವ ಕೆಲಸವನ್ನು ಹೊಳೆ ನೋಡಿಕೊಳ್ಳುತ್ತದೆ.

ಮೊದಲು ಇವನ್ನು ಮರದ ಹಲಗೆಗಳಿಂದ ಕಟ್ಟುತ್ತಿದ್ದರು. ಬಳಿಕ ಹಗುರವಾದ ಪ್ಲೈವುಡ್ ಬಂದಿತು. 1940ರ ದಶಕದಲ್ಲಿ ಸ್ಪ್ರಿಂಗ್‌ಫೀಲ್ಡ್ ಊರಿನ ವುಡಿ ಹಿಂಡ್‌ಮನ್ ಅವರು ಕಟ್ಟಿದ ದೋಣಿಗಳು ಇಂದಿನ ರೂಪಕ್ಕೆ ಬುನಾದಿಯಾದವು. ಫೈಬರ್‌ಗ್ಲಾಸಿನ ತೇಲುದೋಣಿಗಳು ಬಂದದ್ದು 1970ರ ದಶಕದಲ್ಲಿ.

ನಮ್ಮನ್ನು ಕರೆದೊಯ್ದ ಹಿರಿಯ ಅಂಬಿಗರು ಹಿಂದೆ ಇಂಥ ದೋಣಿ ತಯಾರಿಸುವ ಶೆಡ್ಡಿನಲ್ಲಿ ದುಡಿದವರು. ಅವರು ವಿವರಿಸಿದ ಕ್ರಮ ಹೀಗಿದೆ. ಮೊದಲು ದೋಣಿಯಾಕಾರದ ಅಚ್ಚಿಗೆ ಮೇಣ ಸವರುತ್ತಾರೆ. ಅದರ ಮೇಲೆ ಜೆಲ್‌ಕೋಟ್ ಎಂಬ ಬಣ್ಣದ ಲೇಪ. ದೋಣಿಯ ಹೊರಮೈಯಾಗುವುದು ಅದೇ. ಆ ಬಳಿಕ ಗಾಜಿನ ಎಳೆಗಳ ಚಾಪೆ ಹಾಸಿ, ಗಟ್ಟಿಗೊಳಿಸುವ ರಾಸಾಯನಿಕ ಬೆರೆಸಿದ ಪಾಲಿಯೆಸ್ಟರ್ ರಾಳವನ್ನು ಹಚ್ಚಿ, ರೋಲರಿನಿಂದ ಒತ್ತಿ ಗಾಳಿಯ ಗುಳ್ಳೆಗಳನ್ನು ಹೊರಡಿಸುತ್ತಾರೆ. ಗುಳ್ಳೆ ಉಳಿದರೆ ಮುಂದೆ ಅಲ್ಲಿಯೇ ಬಿರುಕು. ಹೀಗೆ ಪದರದ ಮೇಲೆ ಪದರ; ಪೆಟ್ಟು ಬೀಳುವ ತಳಕ್ಕೆ ಹೆಚ್ಚಿನ ಪದರ. ಗಟ್ಟಿಯಾದ ಮೇಲೆ ಇಡೀ ಒಡಲನ್ನು ಅಚ್ಚಿನಿಂದ ಎಬ್ಬಿಸುತ್ತಾರೆ. ಬರಿಯ ರಾಳ ಪೆಡಸು. ಬರಿಯ ಎಳೆಗೆ ಆಕಾರವಿಲ್ಲ. ಮಣ್ಣಿಗೆ ಹುಲ್ಲು ಕಲಸಿ ಗೋಡೆ ಕಟ್ಟುವ ನಮ್ಮ ಹಳ್ಳಿಯವರಿಗೆ ಈ ಮರ್ಮ ಹೊಸದಲ್ಲ.

ಹೊಳೆಯ ತಿರುವೊಂದರಲ್ಲಿ ನಮ್ಮ ದೋಣಿಯ ಮಗ್ಗುಲು ನೀರೊಳಗಿನ ಬಂಡೆಗೆ ಹೋಗಿ ಒರಗಿತು. ಹಿಂದಿನಿಂದ ಪ್ರವಾಹ ಒತ್ತುತ್ತಿತ್ತು. ನಾನು ಬೆದರಿ ಬಂಡೆಯಿಂದ ದೂರ ಸರಿಯಹೊರಟೆ. ಪಕ್ಕದಲ್ಲಿ ಕುಳಿತಿದ್ದ ಅಳಿಯ ನನ್ನ ತೋಳು ಹಿಡಿದು, "ಮಾವ, ಬಂಡೆ ಕಡೆಗೇ ವಾಲಿ!" ಎಂದು ಎಳೆದನು. ವಾಲಿದೆನು. ಗೀರುವ ಸದ್ದೊಂದು ಕೇಳಿಸಿತು. ದೋಣಿ ನುಣ್ಣಗೆ ಜಾರಿ ಮುಂದಕ್ಕೆ ಹೋಯಿತು.

ದಡ ಸೇರಿದ ಮೇಲೆ ಅಂಬಿಗರು ಕಾರಣ ಹೇಳಿದರು. ನಾನು ದೂರ ಸರಿದಿದ್ದರೆ ಪ್ರವಾಹದ ಕಡೆಯ ಅಂಚು ತಗ್ಗಿ, ನೀರು ಒಳನುಗ್ಗಿ, ದೋಣಿ ಮಗುಚುತ್ತಿತ್ತು. ಇನ್ನೊಂದು ಮಾತನ್ನೂ ಹೇಳಿದರು. ಅಲ್ಯುಮಿನಿಯಂ ಮೃದುವಾದ ಲೋಹ. ಬಂಡೆಯ ಮೊನೆ ಅದನ್ನು ಕಚ್ಚಿ ಹಿಡಿಯುತ್ತದೆ. ಆದುದರಿಂದಲೇ ಅಂಥ ದೋಣಿಗಳ ತಳಕ್ಕೆ ಜಾರುವ ಲೇಪ ಹಚ್ಚುತ್ತಾರೆ. ಫೈಬರ್‌ಗ್ಲಾಸು ತುಸು ಬಾಗಿ ಜಾರಿಕೊಳ್ಳುತ್ತದೆ. ಕಲ್ಲು ತಾಗಿದರೂ ಲೋಹದಷ್ಟು ಸದ್ದಿಲ್ಲದಿರುವುದರಿಂದ ಮೀನು ಬೆದರುವುದೂ ಕಡಿಮೆ. ನಮ್ಮ ದೋಣಿಯ ತಳದಲ್ಲಿ ಉಳಿದದ್ದು ಒಂದು ಬಿಳಿಯ ಗೀರು ಮಾತ್ರ.

ದೋಷಗಳಿಲ್ಲವೆಂದಲ್ಲ. ಚೂಪಾದ ಕಲ್ಲಿನ ಬಲವಾದ ಪೆಟ್ಟಿಗೆ ಅದು ಸೀಳುತ್ತದೆ. ಬಿಸಿಲಿಗೆ ಹೊಳಪು ಕಳೆದುಕೊಳ್ಳುತ್ತದೆ. ಸೀಳಿದ ಜಾಗವನ್ನು ಒಣಗಿಸಿ, ಉಜ್ಜಿ, ಹೊಸ ಪದರ ಹಚ್ಚಿದರೆ ಮತ್ತೆ ನಿಲ್ಲುತ್ತದೆಯೆಂಬುದು ನಿಜ. ಆದರೆ ಆಯುಸ್ಸು ತೀರಿದ ದೋಣಿಯನ್ನು ಮರದಂತೆ ಮಣ್ಣಿಗೆ ಸೇರಿಸಲಾಗದು, ಲೋಹದಂತೆ ಕರಗಿಸಿ ಮತ್ತೆ ಬಳಸಲೂ ಆಗದು.

ಊರಿಗೆ ಮರಳಿದ ಮೇಲೆ ಹೊಳೆಯ ದಡದಲ್ಲಿ ಫೈಬರ್‌ಗ್ಲಾಸಿನ ಹರಿಗೋಲೊಂದನ್ನು ಕಂಡೆನು. ಬಿದಿರು ಹೆಣೆಯುವ ಕೈಗಳ ನೆನಪಾಗಿ ಮನಸ್ಸಿಗೆ ತುಸು ನೋವಾಯಿತು. "ಇದಕ್ಕೆ ವರ್ಷಾ ವರ್ಷಾ ಡಾಂಬರು ಬಳಿಯೋ ಕಷ್ಟ ಇಲ್ಲ ನೋಡ್ರಿ" ಎಂದನು ಬಲೆ ಬಿಡಿಸುತ್ತಿದ್ದ ಬೆಸ್ತ. ಹೊಳೆಯನ್ನೇ ನಂಬಿ ಬದುಕುವವನ ಮಾತು ಅದು; ನಾನು ಮರುಮಾತಾಡಲಿಲ್ಲ. ಬಗ್ಗಿ ಅದರ ತಳವನ್ನು ಮುಟ್ಟಿ ನೋಡಿದೆನು. ಅಲ್ಲಿಯೂ ಅಂಥದೇ ಬಿಳಿಯ ಗೀರುಗಳಿದ್ದವು.